ಸತ್ಯಮಂಗಲದ ಹೂಕುಡಿ ಚೀಲ

ತುಮಕೂರು
8 ಜನವರಿ 1999

ಶ್ರೀಮತಿ ಲಕ್ಷ್ಮೀದೇವಮ್ಮನವರಿಗೆ,

ಬುಧವಾರ ಜಾಮೀನು ಅರ್ಜಿ ವಜಾ ಆಯಿತು. ಸುದ್ದಿ ನಿನ್ನೆಯ ಪತ್ರಿಕೆಯ ಮೂರನೇ ಪುಟದಲ್ಲಿ ಬಂದಿದೆ, ಜಿಲ್ಲಾ ವರದಿಗಾರರು ಬರೆದಿದ್ದಾರೆ. ಸತ್ಯಮಂಗಲ ಕೈಗಾರಿಕಾ ಪ್ರದೇಶದ ಯುನಾನಿ ಔಷಧಿ ಷೆಡ್ಡಿನಲ್ಲಿ ಡಿಸೆಂಬರ್ 17ರಂದು ಕೇಂದ್ರದ ಅಧಿಕಾರಿಗಳಿಗೆ ನಾಲ್ಕು ಕಿಲೋ ಇನ್ನೂರು ಗ್ರಾಂ ಗಾಂಜಾ ಸಿಕ್ಕಿತು, ಮಾಲೀಕ ಗುಲಾಮ್ ನಬಿಯನ್ನು ಬಂಧಿಸಿದರು ಎಂದಿದೆ. ರಾಜ್ಯ ಸರ್ಕಾರದ ಲೈಸೆನ್ಸ್ ಇತ್ತು ಎಂಬ ಮಾತು ಮಾತ್ರ ವರದಿಯಲ್ಲಿ ಎಲ್ಲಿಯೂ ಇಲ್ಲ.

ನಮ್ಮ ವಕೀಲರಾದ ಮಹಾದೇವಯ್ಯನವರಿಗೆ ನಾನು ಬರೆದುಕೊಟ್ಟಿರುವುದನ್ನು ಇಲ್ಲಿ ನಕಲು ಮಾಡುತ್ತೇನೆ. ತಪ್ಪಿದ್ದರೆ ತಿದ್ದಿ. ನನ್ನ ತಂದೆ ಹಕೀಮರಾಗಿದ್ದರು. ನಿದ್ದೆಗೆ, ಹಸಿವಿಗೆ ಮಾಜೂನು ಲೇಹ್ಯ ಮಾಡುತ್ತಿದ್ದರು. ಅದಕ್ಕೆ ಭಂಗಿ ಸೊಪ್ಪು ಬೇಕು. ಸೊಪ್ಪು ಬಳಸಲು ರಾಜ್ಯದ ಅಬಕಾರಿಯವರು ಕೊಟ್ಟ ಲೈಸೆನ್ಸ್ ಮೊದಲು ತಂದೆಯ ಹೆಸರಿನಲ್ಲಿತ್ತು, ಅವರು ತೀರಿಕೊಂಡ ಮೇಲೆ ನನ್ನ ಗಂಡ ಗುಲಾಮ್ ನಬಿಯವರ ಹೆಸರಿಗೆ ಬಂತು. ಲೈಸೆನ್ಸ್ ಇರುವುದು ಎಲೆಗೆ ಮಾತ್ರ. ಗಿಡದ ತುದಿಯ ಹೂಕುಡಿಯನ್ನು ಕಾನೂನು ಗಾಂಜಾ ಎನ್ನುತ್ತದೆ. ಸೊಪ್ಪಿನ ಮೂಟೆಯಲ್ಲಿ ಕುಡಿಯೂ ಸೇರಿಕೊಂಡೇ ಬರುತ್ತದೆ. ಅದನ್ನು ಆಯ್ದು ತೆಗೆಯುವುದು ಹೆಂಗಸರ ಕೆಲಸ, ಆ ಹೆಂಗಸರಿಗೆ ಮೇಸ್ತ್ರಿ ನೀವು.

ನನ್ನ ತಂದೆಯ ಕಾಲದಲ್ಲಿ ಆಯ್ದ ಕುಡಿಯನ್ನು ಅದೇ ಸಂಜೆ ಹಂಡೆ ಒಲೆಗೆ ಹಾಕುತ್ತಿದ್ದೆವು. ಹಾಕುತ್ತಿದ್ದವಳು ನಾನೇ, ಒಂಬತ್ತನೇ ವಯಸ್ಸಿನಿಂದ. ನಿಮ್ಮ ಕಾಲದಲ್ಲಿ ಅದನ್ನು ಚೀಲದಲ್ಲಿ ತುಂಬಿಡುತ್ತಿದ್ದರು ಎಂದು ನನಗೆ ಪತ್ರಿಕೆ ಓದಿ ಗೊತ್ತಾಯಿತು. ಅದು ಯಾರ ಬುದ್ಧಿ? ಗೋದಾಮಿನ ಬೀಗದ ಕೈ ನಿಮ್ಮ ಹತ್ತಿರ ಇರುತ್ತಿತ್ತು. ನನ್ನ ಹತ್ತಿರ ಐದು ವರ್ಷದಲ್ಲಿ ಒಂದು ದಿನವೂ ಇರಲಿಲ್ಲ.

ದಾಳಿಯ ಮಾರನೆಯ ದಿನವೇ ನೀವು ಯಾರಿಗೂ ಹೇಳದೆ ಊರು ಬಿಟ್ಟಿರಿ. ಏಕೆ ಎಂದು ಬರೆಯಿರಿ.

ಸರ್ವರ್ ಬೇಗಂ


ತುಮಕೂರು
5 ಫೆಬ್ರವರಿ 1999

ಶ್ರೀಮತಿ ಲಕ್ಷ್ಮೀದೇವಮ್ಮನವರಿಗೆ,

ನಾಲ್ಕು ವಾರವಾಯಿತು, ಉತ್ತರ ಬಂದಿಲ್ಲ. ಬರೆದದ್ದು ನಿಮ್ಮ ಅತ್ತೆಮನೆಯ ವಿಳಾಸಕ್ಕೆ. ಗುಬ್ಬಿ ಇಪ್ಪತ್ತು ಕಿಲೋಮೀಟರ್ ದೂರ. ಕಾಗದ ಎರಡನೇ ದಿನಕ್ಕೆ ತಲುಪುತ್ತದೆ ಎಂದು ಅಂಚೆ ಕಚೇರಿಯಲ್ಲಿ ವಿಚಾರಿಸಿದ್ದೇನೆ. ಆದ್ದರಿಂದ ನೀವು ಓದಿ ಸುಮ್ಮನಿದ್ದೀರಿ ಎಂದೇ ತಿಳಿದಿದ್ದೇನೆ.

ಈದ್ ಕಳೆದ ಮೇಲೆ ಜೈಲಿನಲ್ಲಿ ಭೇಟಿ ಕೊಟ್ಟರು. ಹತ್ತು ನಿಮಿಷ, ನಡುವೆ ಜಾಲರಿ. ಪಕ್ಕದಲ್ಲಿ ನಿಂತ ಪೇದೆ, "ಕನ್ನಡದಲ್ಲಿ ಮಾತಾಡಿ, ನಮ್ಗೂ ಗೊತ್ತಾಗ್ಲಿ" ಎಂದ. ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ ಮೊದಲ ಬಾರಿ ನಾನೂ ಅವರೂ ಕನ್ನಡದಲ್ಲಿ ಮಾತಾಡಿದೆವು. ಅವರು ಕೇಳಿದ ಮೊದಲ ಮಾತು ಇದು:

"ಲಕ್ಷ್ಮಮ್ಮಂಗೇನೂ ತೊಂದ್ರೆ ಆಗಿಲ್ವಲ್ಲ?"

ನನಗೆ ಗೊತ್ತಿಲ್ಲ ಎಂದೆ. "ವಿಚಾರ್ಸು. ಅಂಥ ಕೈ ಮತ್ತೆ ಸಿಗಲ್ಲ" ಎಂದರು. ನಾನು ಹಬ್ಬದ ಶೀರ್ ಖುರ್ಮಾ ಪಾಯಸದ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಅದನ್ನು ಪೇದೆಗೆ ಕೊಟ್ಟು ಬಂದೆ.

ಈ ಮಾತು ನನಗೆ ಹೊಸದೇನೂ ಆಗಿರಲಿಲ್ಲ. ಐದು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಕೇಳಿದ್ದೇನೆ. ಲಕ್ಷ್ಮಮ್ಮ ಇವತ್ತು ಒಂದು ಮೂಟೆ ಒಬ್ಬಳೇ ಮುಗಿಸಿದಳು, ಲಕ್ಷ್ಮಮ್ಮ ಆಯ್ದ ಸೊಪ್ಪು ರೇಷ್ಮೆ ಹಾಗಿರುತ್ತದೆ. ಷೆಡ್ಡು ಸತ್ಯಮಂಗಲಕ್ಕೆ ಹೋಗುವ ಮುಂಚೆ ಸೊಪ್ಪು ಆಯುತ್ತಿದ್ದದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಆಯುತ್ತಿದ್ದವಳು ನಾನು. ನಾನೂ ಅಲ್ಲಿಗೆ ಬರುತ್ತೇನೆ ಎಂದು ಕೇಳಿದೆ. "ಕಾರ್ಖಾನೆಗೆ ಹೆಂಗಸರು ಹೋಗಬಾರದು" ಎಂದರು. ಅದೇ ವಾರ ಆರು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡರು.

ಸಂಗತಿ ಇಷ್ಟು. ಉತ್ತರ ಬರೆಯುವುದು ಬಿಡುವುದು ನಿಮ್ಮಿಷ್ಟ. ವಕೀಲರು ನಿಮ್ಮ ಹೆಸರಿಗೆ ನೋಟಿಸ್ ಕಳಿಸಬಹುದು ಎಂದಿದ್ದಾರೆ.

ಸರ್ವರ್ ಬೇಗಂ


ಕುಣಿಗಲ್
24 ಫೆಬ್ರವರಿ 1999

ಬೇಗಂ ಅಮ್ಮಾವ್ರಿಗೆ ಲಕ್ಷ್ಮೀದೇವಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಎರಡು ಕಾಗದವೂ ನನಗೆ ಮೊನ್ನೆ ಒಟ್ಟಿಗೆ ಸಿಕ್ಕಿದವು. ಗುಬ್ಬಿಯಲ್ಲಿ ನಮ್ಮತ್ತೆ ಒಬ್ಬರೇ ಇದ್ದಾರೆ, ಅವರಿಗೆ ಓದು ಬಾರದು. ಕಾಗದವನ್ನು ದೇವರ ಗೂಡಿನಲ್ಲಿ ಇಟ್ಟು ಅರಿಶಿನ ಕುಂಕುಮ ಹಚ್ಚಿದ್ದಾರೆ. ಸರ್ಕಾರದಿಂದ ವಿಧವಾ ವೇತನದ ಆರ್ಡರ್ ಬಂತು ಎಂದುಕೊಂಡರಂತೆ. ನಾನು ಮಗಳು ಬಿಂದುಶ್ರೀಯನ್ನು ಕರೆದುಕೊಂಡು ಇಲ್ಲಿ ಅಣ್ಣ ಗಂಗಹನುಮಯ್ಯನ ಮನೆಯಲ್ಲಿದ್ದೇನೆ. ಅಣ್ಣ ಕುದುರೆ ಫಾರಂನಲ್ಲಿ ಲಾಯದ ಕೆಲಸ ಮಾಡುತ್ತಾನೆ. ನನಗೂ ಅಲ್ಲೇ ಮೇವಿನ ಕಡೆ ಕೆಲಸ ಹಿಡಿಸಿಕೊಟ್ಟ. ಕುದುರೆ ಮೆಂತೆ ಸೊಪ್ಪಿನಲ್ಲಿ ಕಳೆ ಆಯ್ದು ಹಾಕುವುದು. ಎಲ್ಲಿ ಹೋದರೂ ನನಗೆ ಆಯುವುದೇ ಗತಿ.

ನೀವು ನನ್ನನ್ನು "ನೀವು" ಎಂದು ಬರೆದದ್ದು ನೋಡಿ ಹೆದರಿಕೆಯಾಯಿತು. ಹಬ್ಬಕ್ಕೆ ನಿಮ್ಮ ಮನೆಗೆ ಬಂದಾಗ "ಬಾರೇ, ಕೂತ್ಕೋ" ಎನ್ನುತ್ತಿದ್ದಿರಿ.

ಅಮ್ಮಾವ್ರೆ, ಬೀಗದ ಕೈ ನನ್ನ ಹತ್ತಿರ ಇದ್ದದ್ದು ಸೊಪ್ಪಿಗೆ ತೇವ ತಗಲದ ಹಾಗೆ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದು ಹಾಕಲಿ ಎಂದು. ಬೇರೆ ಯಾವ ಅರ್ಥವೂ ಇಲ್ಲ. ಗಂಡ ಸತ್ತವಳ ಮೇಲೆ ಜನ ಏನು ಬೇಕಾದರೂ ಹೇಳುತ್ತಾರೆ. ಸಾಹೇಬರು ನನಗೆ ಒಡಹುಟ್ಟಿದ ಅಣ್ಣನ ಹಾಗೆ. ಬಿಂದುಶ್ರೀ ತಲೆ ಮೇಲೆ ಕೈಯಿಟ್ಟು ಹೇಳುತ್ತೇನೆ.

ಕುಡಿಯನ್ನು ಚೀಲದಲ್ಲಿ ಇಟ್ಟದ್ದು ನನ್ನ ಬುದ್ಧಿಯಲ್ಲ. ಮೊದಲು ನಾವೂ ಷೆಡ್ಡಿನ ಹಿಂದೆ ಸುಡುತ್ತಿದ್ದೆವು. ಎರಡು ವರ್ಷದ ಹಿಂದೆ ಅಬಕಾರಿ ಇನ್ಸ್‌ಪೆಕ್ಟರು ಬಂದು, "ಹಂಗೆಲ್ಲ ನಿಮ್ಮಷ್ಟಕ್ಕೆ ನೀವೇ ಸುಡಂಗಿಲ್ಲ. ಚೀಲದಲ್ಲಿ ಕಟ್ಟಿಡಿ, ನಾವು ಬಂದು ನಮ್ಮೆದುರಿಗೆ ಸುಡುಸ್ತೀವಿ" ಎಂದರು. ಅಂದಿನಿಂದ ಹಾಗೆ. ಅವರು ಮೂರು ತಿಂಗಳಿಗೊಮ್ಮೆ ಬರಬೇಕು. ಬಂದಾಗ ಬಂದರು.

ಆ ದಿನ ಅಧಿಕಾರಿಗಳು ಬಂದರು, ಚೀಲ ತೂಗಿದರು, ನನ್ನ ಕೈಲಿ ಸಹಿ ಹಾಕಿಸಿಕೊಂಡರು, ಸಾಹೇಬರನ್ನು ಕರೆದುಕೊಂಡು ಹೋದರು. ನನಗೆ ಹೆದರಿಕೆಯಾಗಿ ಊರು ಬಿಟ್ಟೆ. ಬೇರೇನೂ ಇಲ್ಲ.

ಸಾಹೇಬರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ಲಕ್ಷ್ಮೀದೇವಮ್ಮ


ತುಮಕೂರು
3 ಮಾರ್ಚ್ 1999

ಶ್ರೀಮತಿ ಲಕ್ಷ್ಮೀದೇವಮ್ಮನವರಿಗೆ,

ಕಾಗದ ಸಿಕ್ಕಿತು. ನನ್ನ ಗಂಡನ ವಿಷಯ ನಾನು ಕೇಳಿರಲಿಲ್ಲ. ಇನ್ನೊಮ್ಮೆ ಓದಿ ನೋಡಿ. ನಾನು ಕೇಳಿದ್ದು ಸೊಪ್ಪಿನ ವಿಷಯ. ನಿಮ್ಮ ಮಗಳ ತಲೆ ಮೇಲೆ ಆಣೆ ಇಡುವ ಅಗತ್ಯವಿರಲಿಲ್ಲ. ನನ್ನ ಗಂಡ ಎಂಥವರು ಎಂದು ನನಗೆ ಗೊತ್ತಿದೆ. ನನ್ನ ಹೊಟ್ಟೆ ಉರಿಯುವುದು ನಿಮ್ಮ ಮೊರದ ಮೇಲೆ. ಆ ಮೊರ ನನ್ನದಾಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಮಹಜರಿನ ನಕಲು ಮಹಾದೇವಯ್ಯನವರಿಗೆ ಸೋಮವಾರ ಸಿಕ್ಕಿತು. "ಗೋದಾಮಿನ ಮೂಲೆಯಲ್ಲಿ ಬಚ್ಚಿಟ್ಟಿದ್ದ ಚೀಲವನ್ನು ಶೋಧಿಸಿ ಪತ್ತೆ ಹಚ್ಚಲಾಯಿತು" ಎಂದು ಅದರಲ್ಲಿದೆ. ಕೆಳಗೆ ನಿಮ್ಮ ಸಹಿ. ಬಚ್ಚಿಟ್ಟಿದ್ದರು ಎಂಬ ಒಂದು ಮಾತಿನ ಮೇಲೆಯೇ ಜಾಮೀನು ತಪ್ಪಿದೆ. ಬಚ್ಚಿಟ್ಟವನು ಮಾರುವುದಕ್ಕೆ ಇಟ್ಟಿದ್ದ ಎಂದು ಅರ್ಥ. ಐದು ವರ್ಷ ಆಗಬಹುದು ಎಂದು ವಕೀಲರು ಹೇಳಿದ್ದಾರೆ.

ಅದೇ ದಿನ ನಾನು ವಾಚ್‌ಮನ್ ಕದರಯ್ಯನನ್ನು ಮನೆಗೆ ಕರೆಸಿದೆ. ಅವನು ಹೊಸಿಲ ಆಚೆ ನಿಂತು ತಲೆ ಕೆರೆದುಕೊಂಡು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಯಾರೂ ಹುಡುಕ್ಲಿಲ್ಲ ಕಣಮ್ಮ. ಲಕ್ಷ್ಮಮ್ಮನೇ ಒಳೀಕ್ ಹೋಗಿ ಚೀಲ ಎತ್ಕಂಡ್ ಬಂದ್ಳು. ಮದ್ವೆ ಮನೇಲಿ ತಾಂಬೂಲ ತಂದಂಗೆ ತಂದ್ಳು. ನಾನ್ ಗೇಟಲ್ಲಿಂದ ಕಣ್ಣಾರೆ ನೋಡ್ದೆ."

ಇಷ್ಟು ದೊಡ್ಡ ಸಂಗತಿಯನ್ನು ನೀವು ಕಾಗದದಲ್ಲಿ ಬರೆಯಲಿಲ್ಲ. "ಚೀಲ ತೂಗಿದರು" ಎಂದಷ್ಟೇ ಬರೆದಿರಿ. ನನ್ನ ಗಂಡನನ್ನು ನೀವೇ ಹಿಡಿದುಕೊಟ್ಟಿರಿ. ಏಕೆ ಎಂದು ನನಗೆ ಗೊತ್ತಾಗಬೇಕು.

ಸರ್ವರ್ ಬೇಗಂ


ಕುಣಿಗಲ್
20 ಮಾರ್ಚ್ 1999

ಬೇಗಂ ಅಮ್ಮಾವ್ರಿಗೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಈಗ ಆದದ್ದು ಆದ ಹಾಗೆ ಬರೆಯುತ್ತೇನೆ.

ಕದರಯ್ಯ ಹೇಳಿದ್ದು ನಿಜ. ಬೆಳಿಗ್ಗೆ ಹನ್ನೊಂದು ಗಂಟೆಗೆ ಜೀಪು ಬಂತು. ಅದರಿಂದ ಐದು ಜನ ಇಳಿದರು. ಎಲ್ಲರ ಕೈಯಲ್ಲೂ ಫೈಲು. ನಾನು ಚೀಲ ಸುಡಿಸಲು ಇನ್ಸ್‌ಪೆಕ್ಟರು ಬಂದರು ಎಂದುಕೊಂಡೆ. ಆ ಚೀಲ ಸೆಪ್ಟೆಂಬರ್‌ನಿಂದ ಕಟ್ಟಿಟ್ಟಿತ್ತು. ಇಲಿ ಕಡಿಯದಂತೆ ಕಾಯ್ದು ನನಗೆ ಸಾಕಾಗಿತ್ತು. ಓಡಿಹೋಗಿ ನಾನೇ ಎದುರುಗೊಂಡೆ.

"ಬನ್ನಿ ಸಾರ್, ಬನ್ನಿ. ನವರಾತ್ರಿಗೆ ಬರ್ತೀವಿ ಅಂದಿದ್ರಿ, ಕಾರ್ತೀಕನೂ ಕಳೀತು."

ಅವರಲ್ಲಿ ದೊಡ್ಡವರು ನನ್ನನ್ನು ಮೇಲೆ ಕೆಳಗೆ ನೋಡಿದರು. "ಯಾರಮ್ಮ ನೀನು?"

"ಆಯೋರ್ ಮೇಸ್ತ್ರಿ ಸಾರ್."

ಅವರು ಫೈಲಿನಿಂದ ಒಂದು ನೀಲಿ ಇನ್‌ಲ್ಯಾಂಡ್ ಕಾಗದ ತೆಗೆದು ನೋಡಿದರು. "ಇಲ್ಲಿ ಸೊಪ್ಪು ಆಯೋದು ಸರಿಯಿಲ್ಲ ಅಂತ ಕಂಪ್ಲೇಂಟ್ ಬಂದಿದೆ. ಹೂವು ಕಡ್ಡಿ ಎಲ್ಲಾ ಔಷಧಿಗೇ ಹೋಗ್ತದಂತೆ?"

ಅಮ್ಮಾವ್ರೆ, ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಯಾವನ್ ಸಾರ್ ಹಂಗಂದೋನು? ನಾನ್ ಆಯ್ದಿರೋದ್ರಲ್ಲಿ ಒಂದೇ ಒಂದ್ ಕುಡಿ ತೋರ್ಸಿ, ಈ ಕೆಲ್ಸನೇ ಬುಟ್ ಹೋಯ್ತೀನಿ. ತಾಳಿ, ತೋರುಸ್ತೀನಿ" ಎಂದು ಒಳಗೆ ಹೋಗಿ ಚೀಲ ಹೊತ್ತು ತಂದು ಅವರ ಮುಂದೆ ಬಿಚ್ಚಿದೆ. "ನೋಡಿ. ಇಷ್ಟನ್ನೂ ನಾವು ಕೈಯಲ್ಲಿ ಆಯ್ದು ತೆಗ್ದಿರೋದು."

"ಇಷ್ಟೇನಾ, ಇನ್ನೂ ಇದೆಯಾ?"

"ಇಷ್ಟೇ ಸಾರ್. ಇವತ್ತೇ ಸುಟ್ಟಾಕ್ಬುಡಿ. ಬೆಂಕಿಪೊಟ್ಣ ನಾನೇ ಕೊಡ್ತೀನಿ."

ಒಬ್ಬರು ಆಚೆ ತಿರುಗಿ ನಕ್ಕರು. ಆಗಲೂ ನನಗೆ ತಿಳಿಯಲಿಲ್ಲ. ಸಾಹೇಬರು ಗೋಡೆಯಿಂದ ಲೈಸೆನ್ಸ್ ಇಳಿಸಿಕೊಂಡು ಬಂದಾಗ ದೊಡ್ಡವರು ಅದನ್ನು ಪೂರ್ತಿ ಓದಿದರು. "ಇದು ನಿಮ್ಮ ಸ್ಟೇಟ್‌ನೋರು ಕೊಟ್ಟಿರೋದು. ನಾವು ಸೆಂಟ್ರಲ್. ಸೊಪ್ಪಿಗೆ ಲೈಸೆನ್ಸ್ ಇದೆ, ಒಪ್ಕೋತೀನಿ. ಈ ಚೀಲಕ್ಕೆ ಎಲ್ಲಿದೆ?" ಎಂದರು. ಸುಡಲು ರಾಜ್ಯದ ಅಬಕಾರಿ ಇನ್ಸ್‌ಪೆಕ್ಟರೇ ಬರಬೇಕಿತ್ತು ಎಂದು ಸಾಹೇಬರು ಹೇಳಿದರು. "ಅದನ್ನ ಅವರ ಹತ್ರ ಹೇಳಿ" ಎಂದರು. ಸಾಹೇಬರು ಒಂದು ಸಲ ನನ್ನ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ತೂಕ ಸರಿ ಇದೆ ಅಂತ ಸೈನ್ ಹಾಕಮ್ಮ" ಎಂದರು. ಹಾಕಿದೆ. ಬಚ್ಚಿಟ್ಟ ಚೀಲ ಎಂದು ಬರೆದದ್ದನ್ನು ಓದಲಿಲ್ಲ. ಹೋಗುವಾಗ ಒಬ್ಬರು, "ಜಾಸ್ತಿ ಮಾತಾಡಿದ್ರೆ ನಿನ್ ಹೆಸ್ರೂ ಸೇರ್ತದೆ" ಎಂದರು. ಅದಕ್ಕೇ ಊರು ಬಿಟ್ಟೆ. ಜೈಲಿಗೆ ಹೋದರೆ ಬಿಂದುಶ್ರೀಯನ್ನು ಯಾರು ನೋಡುತ್ತಾರೆ?

ನೀವು ಮೊರದ ಮಾತು ಬರೆದಿರಿ. ನಾನೂ ಒಂದು ಬರೆಯುತ್ತೇನೆ. ಸಾಹೇಬರು ಷೆಡ್ಡಿನಲ್ಲಿ ನಮಗೆ ದಿನಾ ಏನು ಹೇಳುತ್ತಿದ್ದರು ಗೊತ್ತೆ? "ನಮ್ಮನೇಲಿ ಒಬ್ರವ್ರೆ, ಕಣ್ಮುಚ್ಕೊಂಡ್ ಆಯ್ತಾರೆ. ಬೆರಳಿಗೆ ಅಂಟಿದ್ರೆ ಕುಡಿ, ಅಂಟ್ದಿದ್ರೆ ಸೊಪ್ಪು. ನೀವು ಹಗಲು ಹೊತ್ತಲ್ಲೇ ತಡವರುಸ್ತೀರಿ." ಹಕೀಮರ ಮಗಳು, ಹಕೀಮರ ಮಗಳು ಎಂದು ಕೇಳಿ ಕೇಳಿ, ಒಂದು ಸಲವೂ ಆಯುವುದನ್ನು ಕಣ್ಣಾರೆ ಕಾಣದ ನಿಮ್ಮ ಕೈಯ ಮೇಲೆ ನನಗೆ ಐದು ವರ್ಷ ಹೊಟ್ಟೆಕಿಚ್ಚು. ನಿಮಗೆ ನನ್ನ ಹೆಸರು ಹೇಳಿ, ನನಗೆ ನಿಮ್ಮ ಹೆಸರು ಹೇಳಿ ಇಬ್ಬರನ್ನೂ ಪೈಪೋಟಿಗೆ ಓಡಿಸಿದ್ದಾರೆ.

ಒಂದು ಮಾತು ನನ್ನನ್ನು ಕೊರೆಯುತ್ತಿದೆ. ಆ ಇನ್‌ಲ್ಯಾಂಡ್ ಬರೆದವರು ಯಾರು? ನಾನು ಆಯುವುದು ಸರಿಯಿಲ್ಲ ಎಂದು ಬರೆಯುವಷ್ಟು ಕುಡಿ ಸೊಪ್ಪಿನ ವಿಚಾರ ಬಲ್ಲವರು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ? ಆ ಮಾತು ಇಲ್ಲದಿದ್ದರೆ ನಾನು ಚೀಲ ತರುತ್ತಿರಲಿಲ್ಲ. ನಿಮಗೆ ಯಾರ ಮೇಲಾದರೂ ಅನುಮಾನ ಇದ್ದರೆ ಬರೆಯಿರಿ.

ಇಂತಿ,
ಲಕ್ಷ್ಮೀದೇವಮ್ಮ


ಕುಣಿಗಲ್
19 ಏಪ್ರಿಲ್ 1999

ಬೇಗಂ ಅಮ್ಮಾವ್ರಿಗೆ,

ಒಂದು ತಿಂಗಳಾಯಿತು, ನಿಮ್ಮ ಉತ್ತರವಿಲ್ಲ. ಚೀಲದ ಕಥೆ ಓದಿ ನನ್ನ ಮುಖ ನೋಡಬಾರದು ಎಂದುಕೊಂಡಿರಬಹುದು. ಅದು ನ್ಯಾಯವೇ. ಮಹಾದೇವಯ್ಯನವರು ಕರೆದರೆ ಬಂದು ನಡೆದದ್ದು ಹೇಳುತ್ತೇನೆ. ಅಣ್ಣ ಬೇಡ ಎನ್ನುತ್ತಾನೆ. "ನೀನೇ ಹೋಗಿ ಬೋನಿಗೆ ತಲೆ ಕೊಡ್ತೀಯೇನೇ?" ಎಂದು ಎರಡು ದಿನ ಮಾತು ಬಿಟ್ಟಿದ್ದ. ಆದರೂ ಬರುತ್ತೇನೆ.

ಇನ್‌ಲ್ಯಾಂಡ್ ಬರೆದವರು ಯಾರೆಂದು ನಾನೇ ಕಂಡುಹಿಡಿದೆ. ನಮ್ಮೂರ ಚಿಕ್ಕಮಾರಮ್ಮ. ಹೋದ ವರ್ಷ ಕುಡಿ ಸರಿಯಾಗಿ ತೆಗೆಯುವುದಿಲ್ಲ ಎಂದು ನಾನೇ ಅವಳನ್ನು ಕೆಲಸದಿಂದ ಬಿಡಿಸಿದ್ದೆ. ಅವಳಿಗಲ್ಲದೆ ಮತ್ತಾರಿಗೆ ನನ್ನ ಮೇಲೆ ಅಷ್ಟು ಉರಿ? ರಾಮನವಮಿಗೆ ಗುಬ್ಬಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೇಳಿಯೇಬಿಟ್ಟೆ.

"ಏನೇ, ನನ್ ಮೇಲಿನ್ ಸಿಟ್ಗೆ ಸಾಹೇಬ್ರನ್ನ ಜೈಲ್ಗೆ ಕಳ್ಸಿದ್ಯಲ್ಲೇ, ಹೊಟ್ಟೆ ತಣ್ಗಾಯ್ತಾ?"

"ನಂಗೆ ಸಹಿ ಹಾಕಕ್ ಬರಲ್ಲ, ಕಾಗ್ದ ಹೆಂಗ್ ಬರೀಲೇ ಮೂದೇವಿ?" ಎಂದಳು.

"ಯಾರ್ ಕೈಲೋ ಬರ್ಸಿರ್ತೀಯ" ಎಂದೆ. ಅವಳು ನನ್ನ ಸೆರಗು ಹಿಡಿದಳು. ನಾನು ಅವಳ ಜುಟ್ಟು ಹಿಡಿದೆ. ಕಂಡಕ್ಟರು ಬಂದು ಬಿಡಿಸಿದ. ಊರಿಗೆಲ್ಲ ವಿಷಯ ಗೊತ್ತಾಗಿದೆ. ತೆಂಗಿನ ನಾರಿನ ಕಾರ್ಖಾನೆಯಲ್ಲಿ ಅವಳಿಗೆ ಕೆಲಸವಿತ್ತು. ಮಾಲೀಕರ ಮೇಲೆ ಕಾಗದ ಬರೆಯುವವಳು ನಮಗೆ ಬೇಡ ಎಂದು ಅವರು ಬಿಡಿಸಿದರಂತೆ. ಆಗಲಿ ಎಂದುಕೊಂಡೆ.

ನಿಮ್ಮ ವಕೀಲರಿಗೆ ಅವಳ ಹೆಸರು ಕೊಡಿ.

ಇಂತಿ,
ಲಕ್ಷ್ಮೀದೇವಮ್ಮ


ತುಮಕೂರು
10 ಮೇ 1999

ಲಕ್ಷ್ಮೀದೇವಮ್ಮನವರಿಗೆ,

ರಾಸಾಯನಿಕ ಪರೀಕ್ಷೆಯ ವರದಿ ಶುಕ್ರವಾರ ಬಂದಿದೆ. ಮಹಾದೇವಯ್ಯನವರು ಮನೆಗೆ ಬಂದು ಓದಿ ಹೇಳಿದರು. ಚೀಲದಲ್ಲಿದ್ದದ್ದು ಹೂಕುಡಿ. ಅದು ನಮಗೆ ಗೊತ್ತಿದ್ದದ್ದೇ. ಆಯ್ದಿಟ್ಟಿದ್ದ ಸೊಪ್ಪಿನ ಮೂಟೆಗಳಿಂದಲೂ ಅಂದೇ ಹನ್ನೆರಡು ಮಾದರಿ ತೆಗೆದಿದ್ದರು. ಹನ್ನೆರಡರಲ್ಲಿಯೂ ಹೂಕುಡಿಯ ಅಂಶ ಕಂಡುಬಂದಿಲ್ಲ ಎಂದು ಬರೆದಿದ್ದಾರೆ.

ಹನ್ನೆರಡರಲ್ಲಿ ಒಂದೂ ಇಲ್ಲ. ನನ್ನ ತಂದೆ ಇದ್ದಿದ್ದರೆ ಆ ಕಾಗದವನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದರು. ಇದರಿಂದ ಕೇಸಿಗೆ ಬಲ ಬರುತ್ತದೆ, ಕುಡಿ ಮಾರುವವನು ಸೊಪ್ಪನ್ನು ಇಷ್ಟು ಶುದ್ಧ ಮಾಡುವುದಿಲ್ಲ ಎಂದು ವಕೀಲರು ಹೇಳುತ್ತಿದ್ದರು. ಅದು ನನ್ನ ಕಿವಿಗೆ ಆಮೇಲೆ ಬಿತ್ತು. ಮೊದಲು ಹೊಟ್ಟೆ ಉರಿಯಿತು. ನಿಮ್ಮ ಕೈ ಒಳ್ಳೆಯದು ಎಂದು ಈಗ ಸರ್ಕಾರವೂ ಮೊಹರು ಹಾಕಿ ಹೇಳಿತು.

ಚಿಕ್ಕಮಾರಮ್ಮ ಆ ಇನ್‌ಲ್ಯಾಂಡ್ ಬರೆಯಲಿಲ್ಲ. ಬರೆದವಳು ನಾನು.

ನವೆಂಬರ್ 23ರಂದು ಬರೆದೆ. ಹೆಸರು ಹಾಕಲಿಲ್ಲ. ಬರೆದದ್ದು ಇಲ್ಲಿಯ ಅಬಕಾರಿ ಕಚೇರಿಗೆ. "ಸತ್ಯಮಂಗಲದ ಷೆಡ್ಡಿನಲ್ಲಿ ಸೊಪ್ಪು ಆಯುವ ಹೆಂಗಸರಿಗೆ ಕೆಲಸ ಬಾರದು. ಕುಡಿ ಬೆರೆತು ಔಷಧಿಗೆ ಹೋಗುತ್ತಿದೆ. ನಿಮ್ಮ ಇನ್ಸ್‌ಪೆಕ್ಟರ್ ಬಂದು ನೋಡಲಿ" ಎಂದು ನಾಲ್ಕು ಸಾಲು. ಇನ್ಸ್‌ಪೆಕ್ಟರ್ ಬರುತ್ತಾರೆ, ನಿಮ್ಮ ಮೊರದಲ್ಲಿ ನಾಲ್ಕು ಕುಡಿ ಸಿಗುತ್ತದೆ, ನನ್ನ ಗಂಡ ಮನೆಗೆ ಬಂದು "ನೀನೇ ಬಾ" ಎನ್ನುತ್ತಾರೆ ಎಂದುಕೊಂಡಿದ್ದೆ. ನೀವು ಆಯ್ದದ್ದನ್ನು ನಾನು ಒಂದು ಹಿಡಿಯೂ ನೋಡಿರಲಿಲ್ಲ. ಕೆಟ್ಟದಾಗಿರಬೇಕು ಎಂದು ನನಗೆ ಬೇಕಿತ್ತು, ಅದಕ್ಕೆ ಬರೆದೆ. ಅಬಕಾರಿಯವರು ಬರಲಿಲ್ಲ. ಕಾಗದವನ್ನು ಬೆಂಗಳೂರಿಗೆ ಕೇಂದ್ರದವರಿಗೆ ಕಳಿಸಿಬಿಟ್ಟರು. ಅದು ಈಗ ಕೇಸಿನ ಫೈಲಿನಲ್ಲಿ ಏಳನೇ ಹಾಳೆ.

ನೀವು ಮಾರ್ಚ್‌ನಲ್ಲಿ ಯಾರು ಬರೆದವರು ಎಂದು ಕೇಳಿದಾಗ ನನಗೆ ಗೊತ್ತಿತ್ತು. ಆದ್ದರಿಂದಲೇ ಉತ್ತರ ಬರೆಯಲಿಲ್ಲ. ನಿಮ್ಮನ್ನು ಹಿಡಿದುಕೊಟ್ಟವಳು ಎಂದು ಕರೆದದ್ದೂ ನಾನೇ.

ಚಿಕ್ಕಮಾರಮ್ಮನ ವಿಷಯ ಬರೆದ ನಿಮ್ಮ ಕಾಗದ ಓದಿದ ಮೇಲೆ ಕೂರಲಾಗಲಿಲ್ಲ. ಏಪ್ರಿಲ್ 27ರಂದು ಒಬ್ಬಳೇ ಬಸ್ಸು ಹತ್ತಿ ಗುಬ್ಬಿಗೆ ಹೋದೆ. ಅವರ ಮನೆ ಕೇಳಿಕೊಂಡು ಹೋಗಿ ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಅವರು ರಾಗಿ ಬೀಸುತ್ತಿದ್ದವರು ಕೈ ನಿಲ್ಲಿಸದೆ, "ಕೂದ್ಲು ಕಿತ್ತೋಗಿದ್ದು ನಂದು, ಅಳ್ತಿರೋದು ನೀವಾ?" ಎಂದರು. ಆಮೇಲೆ ನೀರು ಕೊಟ್ಟರು. ನಾರಿನ ಕಾರ್ಖಾನೆಯ ಮಾಲೀಕರ ಹತ್ತಿರ ನಾನೇ ಹೋಗಿ ಈ ಮಾತು ಹೇಳಿದ್ದೇನೆ. ಮೇ ಮೂರರಿಂದ ಅವರನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ.

ಮಹಾದೇವಯ್ಯನವರಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕೆಲಸದ ಮಾತಾಡಿದರು. ನಾವಿಬ್ಬರೂ ಅಫಿಡವಿಟ್ ಕೊಟ್ಟರೆ ಎರಡನೇ ಜಾಮೀನು ಅರ್ಜಿ ಹಾಕಬಹುದು. ಚೀಲವನ್ನು ನೀವೇ ತಂದು ಸುಡಿ ಎಂದಿರಿ ಎಂದು ನೀವು ಹೇಳಬೇಕು. ಆಯುವುದು ಸರಿಯಿಲ್ಲ ಎಂಬ ಮಾತು ಅಧಿಕಾರಿಗಳ ಮುಂದೆ ಬರಲು ಕಾರಣ ನನ್ನ ಸುಳ್ಳು ಕಾಗದ ಎಂದು ನಾನು ಹೇಳಬೇಕು. ಎರಡೂ ಸೇರಿದರೆ "ಬಚ್ಚಿಟ್ಟಿದ್ದ" ಎಂಬ ಮಾತು ನಿಲ್ಲುವುದಿಲ್ಲ. ನಿಮಗೆ ಅಪಾಯ ಇದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ, ನಾನೂ ಮುಚ್ಚಿಡುವುದಿಲ್ಲ. ಚೀಲದ ಉಸ್ತುವಾರಿ ನಿಮ್ಮದಾಗಿತ್ತು ಎಂದು ನಿಮ್ಮನ್ನು ಎರಡನೇ ಆರೋಪಿ ಮಾಡಬಹುದು. ಅದಕ್ಕೇ ನನ್ನ ಗಂಡ ಐದು ತಿಂಗಳಾದರೂ ಚೀಲ ತಂದವರು ಯಾರೆಂದು ವಕೀಲರಿಗೂ ಹೇಳಿಲ್ಲ.

ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಇದ್ದದ್ದು ಇದ್ದ ಹಾಗೆ ಬರೆಯಬೇಕು ಎಂದು ಬರೆಯುತ್ತಿದ್ದೇನೆ.

ಬರಲೇಬೇಕು ಎಂದು ಕೇಳುವ ಮುಖ ನನಗಿಲ್ಲ.

ಸರ್ವರ್ ಬೇಗಂ


ಕುಣಿಗಲ್
22 ಮೇ 1999

ಬೇಗಂ ಅವರಿಗೆ,

ನಿಮ್ಮ ಕಾಗದ ಓದಿ ಒಂದು ವಾರ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಓಡಾಡಿದೆ. ಅಣ್ಣ, "ಏನ್ ಬಂದೈತೆ ಅದ್ರಲ್ಲಿ?" ಎಂದು ಕೇಳಿದ. ಮೆಂತೆ ಸೊಪ್ಪಿನ ರೇಟು ಎಂದೆ.

ಕೇಂದ್ರದವರು ಬಂದದ್ದು, ಸಾಹೇಬರು ಜೈಲಿಗೆ ಹೋದದ್ದು ಒಂದು ಕಡೆ ಇರಲಿ. ನಾನು ಆಯುವುದು ಸರಿಯಿಲ್ಲ ಎಂದು ನೋಡದೆಯೇ ಬರೆದಿರಲ್ಲ, ಅದನ್ನು ನಾನು ಮರೆಯುವುದಿಲ್ಲ. ನನಗೆ ಹೊಲವಿಲ್ಲ, ಮನೆಯಿಲ್ಲ. ನನ್ನದು ಅಂತ ಇದ್ದದ್ದು ಆ ಕೆಲಸವೊಂದೇ. ನಿಮ್ಮ ಅಪ್ಪನ ವಿದ್ಯೆ ನಾನು ಕದ್ದುಕೊಂಡು ಹೋಗಿರಲಿಲ್ಲ. ಕಲಿಸಿದವರು ನಿಮ್ಮ ಯಜಮಾನರು. ಆ ಸಿಟ್ಟನ್ನು ಅವರ ಮೇಲೆ ತೋರಿಸಬೇಕಿತ್ತು. ಅವರನ್ನು ಕೇಳಲಾಗದೆ ನನ್ನ ಮೇಲೆ ಬರೆದಿರಿ.

ಚಿಕ್ಕಮಾರಮ್ಮನ ಮನೆಗೆ ನಾನೂ ಹೋಗಿದ್ದೆ. ನನಗೆ ನೀರು ಕೊಡಲಿಲ್ಲ.

ನಿನ್ನೆ ತುಮಕೂರಿಗೆ ಬಂದು ಮಹಾದೇವಯ್ಯನವರ ಆಫೀಸಿನಲ್ಲಿ ಅಫಿಡವಿಟ್‌ಗೆ ಸಹಿ ಹಾಕಿದೆ. ಈ ಸಲ ಪೂರ್ತಿ ಓದಿ ಹಾಕಿದೆ. ಒಂದು ಕಡೆ "ತಿಳಿಯದೆ ತಂದೆನು" ಎಂದು ಟೈಪು ಮಾಡಿದ್ದರು. ಅದನ್ನು ಹೊಡೆಸಿ "ಸುಡಿಸಲು ತಂದೆನು" ಎಂದು ಬರೆಸಿದೆ. ನಿಮ್ಮ ಮನೆ ಎರಡು ಬೀದಿ ಆಚೆಗಿತ್ತು. ಬರಲಿಲ್ಲ.

ಜಡ್ಜು ಸಾಹೇಬರು ನಂಬದೆ ಆಯ್ದು ತೋರಿಸಿ ಎಂದರೆ ತೋರಿಸುತ್ತೇನೆ. ನಿಮಗೂ ಒಂದು ಮೊರ ಕೊಡಲಿ. ಕಣ್ಣು ಮುಚ್ಚಿಕೊಂಡು ಆಯುವುದನ್ನು ನಾನೂ ಒಮ್ಮೆ ನೋಡಬೇಕು.

ಲಕ್ಷ್ಮೀದೇವಮ್ಮ


ತುಮಕೂರು
2 ಜೂನ್ 1999

ಲಕ್ಷ್ಮೀದೇವಮ್ಮನವರಿಗೆ,

ಎರಡನೇ ಜಾಮೀನು ಅರ್ಜಿಯನ್ನು ಸೋಮವಾರ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಂಡಿತು. ಮಹಾದೇವಯ್ಯನವರು ಸಂಜೆ ಬಂದು ತಿಳಿಸಿದರು. ಪತ್ರಿಕೆಯಲ್ಲಿ ಈ ಸಲ ಬಂದಿಲ್ಲ.

ಕೇಂದ್ರದ ಪರ ವಕೀಲರು ಎರಡು ಅಫಿಡವಿಟ್ಟನ್ನೂ ವಿರೋಧಿಸಿದರಂತೆ. ಮನೆ ಹೆಂಗಸು ಮತ್ತು ಕೂಲಿ ಹೆಂಗಸು ಮಾತಾಡಿಕೊಂಡು ಬರೆಸಿದ್ದಾರೆ ಎಂದರಂತೆ. ನಾವು ಮಾತಾಡಿ ಆರು ತಿಂಗಳ ಮೇಲಾಯಿತು ಎಂದು ನನಗೆ ಕೂಗಿ ಹೇಳಬೇಕೆನಿಸಿತು. ನಾನು ಅಲ್ಲಿರಲಿಲ್ಲ.

ಆ ಇನ್‌ಲ್ಯಾಂಡ್ ಬರೆದವಳು ನಾನು ಎಂದು ನನ್ನ ಗಂಡನಿಗೆ ಮೇ 26ರ ಭೇಟಿಯಲ್ಲಿ ಹೇಳಿದೆ. ಕೋರ್ಟಿನಲ್ಲಿ ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು ನಾನೇ ಹೇಳಿದೆ. ಪೇದೆ ಎದುರಿಗೇ, ಕನ್ನಡದಲ್ಲಿ. ಅವರು ಪೂರ್ತಿ ಕೇಳಿದರು. "ಷೆಡ್ಡಿಗೆ ಬರ್ಬೇಕು ಅಂತ ನೀನು ಒಂದೇ ಸಲ ಕೇಳಿದ್ದೆ ಅಲ್ವಾ?" ಎಂದರು. ಮೂರು ಸಲ ಕೇಳಿದ್ದೆ ಎಂದೆ. ಹತ್ತು ನಿಮಿಷ ಮುಗಿಯುವ ಮೊದಲೇ ಎದ್ದು ಒಳಗೆ ಹೋದರು. ಇವತ್ತು ಭೇಟಿಯ ದಿನ. ಹೋಗಿದ್ದೆ. ಅವರು ಹೊರಗೆ ಬರಲಿಲ್ಲ.

ಅವರು ಬಿಡುಗಡೆಯಾದರೂ ನನ್ನ ಜೊತೆ ಮಾತಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ನೀವು ಬರೆದದ್ದರಲ್ಲಿ ಒಂದು ಮಾತು ಸರಿ. ಅವರನ್ನು ಕೇಳಲಾಗದೆ ನಿಮ್ಮ ಮೇಲೆ ಬರೆದೆ.

ಅಫಿಡವಿಟ್ ಕೊಟ್ಟ ಇಬ್ಬರೂ ಖುದ್ದು ಹಾಜರಾಗಬೇಕು ಎಂದು ನ್ಯಾಯಾಧೀಶರು ಆದೇಶ ಮಾಡಿದ್ದಾರೆ. ನಿಮಗೆ ಸಮನ್ಸ್ ಕುಣಿಗಲ್ ವಿಳಾಸಕ್ಕೆ ಬರುತ್ತದೆ. ಗುಬ್ಬಿಗೆ ಕಳಿಸಬೇಡಿ ಎಂದು ಬರೆದುಕೊಟ್ಟಿದ್ದೇನೆ. ಮೊದಲು ನನ್ನನ್ನು ಕೇಳುತ್ತಾರೆ, ಆಮೇಲೆ ನಿಮ್ಮನ್ನು.

ಜೂನ್ 14, ಸೋಮವಾರ. ನ್ಯಾಯಾಲಯ ಹನ್ನೊಂದು ಗಂಟೆಗೆ ಕೂರುತ್ತದೆ.

ಸರ್ವರ್ ಬೇಗಂ